ಒಂದು ವಾರ ಬಲಕ್ಕೆ, ಮರುವಾರ ಎಡಕ್ಕೆ

೧೯೭೫ನೇ ಇಸವಿ, ಫೆಬ್ರುವರಿ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಆರೂವರೆ. ಸ್ಥಳ, ದೇವದುರ್ಗದಲ್ಲಿ ನಮ್ಮ ಮನೆಯ ಮುಂದಿನ ಓಣಿ. ಹಾಜರಿದ್ದವರು ನಾನು, ನಮ್ಮ ಯಜಮಾನರು, ಪಕ್ಕದ ಮನೆಯ ಹಜರತ್‌ಬೀ, ಆಕೆಯ ಮಗಳು ಶಮೀಮ್, ಮತ್ತು ಎಡಕ್ಕೆ ವಾಲಿಕೊಂಡು ನಿಂತಿದ್ದ ನಮ್ಮ ಹಳೆಯ ಕಾರು.

ಹೀಗೆ ಶುರು ಮಾಡುವುದು ನನ್ನ ಅಭ್ಯಾಸ. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ, ನಮ್ಮ ಕಡೆಯ ಮಾತಿನಲ್ಲಿ 'ಬಾಯಾರು' ಆಗಿ, ನಿವೃತ್ತಳಾದವಳು. ಯಾವಾಗ, ಎಲ್ಲಿ, ಯಾರಿದ್ದರು ಎಂದು ಹೇಳದೆ ರೋಗಿಯ ಸಂಗತಿಗೆ ಕೈಹಾಕಿದರೆ ನಮಗೆ ತರಬೇತಿ ಕೊಟ್ಟ ಮೇಟ್ರನ್ "ಮೊದಲಿನಿಂದ ಹೇಳು" ಎಂದು ಬಾಗಿಲ ಹೊರಗೆ ಕಳಿಸುತ್ತಿದ್ದರು. ಆದ್ದರಿಂದ ಮೊದಲಿನಿಂದಲೇ ಹೇಳುತ್ತೇನೆ.

ಶಮೀಮಳಿಗೆ ಆಗ ಒಂಬತ್ತನೇ ತಿಂಗಳು. ಮೊದಲ ಹೆರಿಗೆಯಲ್ಲಿ ಕೂಸು ಉಳಿದಿರಲಿಲ್ಲ. ಈ ಸಲ ಕೂಸು ಹೊಟ್ಟೆಯಲ್ಲಿ ಅಡ್ಡ ಮಲಗಿತ್ತು. ರಾಯಚೂರಿನ ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದು, "ದಿನ ತುಂಬುವ ಮುಂಚೆ ಭರ್ತಿ ಮಾಡಿಕೊಳ್ಳುತ್ತೇವೆ. ಅದಕ್ಕಿಂತ ಮೊದಲೇ ನೋವು ಬಂದರೆ ಕೂಡಲೇ ಕರೆತನ್ನಿ. ದಾರಿಯಲ್ಲಿ ಹೊತ್ತು ಕಳೆದರೆ ತಾಯಿಯೂ ಕೈಗೆ ಸಿಗುವುದಿಲ್ಲ, ಕೂಸೂ ಸಿಗುವುದಿಲ್ಲ" ಎಂದಿದ್ದರು. ದೇವದುರ್ಗದಲ್ಲಿ ಆಪರೇಶನ್ ಮಾಡುವ ಅನುಕೂಲ ಆಗ ಇರಲಿಲ್ಲ. ಬಸ್ಸುಗಳಿದ್ದವು. ಆದರೆ ನೋವು ಬಸ್ಸಿನ ವೇಳೆ ನೋಡಿಕೊಂಡು ಬರುವುದಿಲ್ಲ. ಓಣಿಯಲ್ಲಿ ಕಾರು ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಶಮೀಮಳ ಗಂಡ ಬಟ್ಟೆಗಂಟು ಹೊತ್ತು ಸಂತೆಯಿಂದ ಸಂತೆಗೆ ತಿರುಗುವವನು. ಅವನು ಹೊರಡುವ ಮುಂದೆ ನನ್ನ ಎದುರು ನಿಂತು, "ಆಪಾ, ನಿಮ್ಮ ಗಾಡಿ ಮ್ಯಾಲ ಭರೋಸಾ ಇಟ್ಟು ಹೊಂಟೀನಿ" ಎಂದಿದ್ದ.

ಆ ಗಾಡಿಯ ಮೇಲೆ ನನಗೆ ಭರೋಸಾ ಇರಲಿಲ್ಲ. ವರ್ಗವಾಗಿ ಹೋದ ಡಾಕ್ಟರೊಬ್ಬರಿಂದ ನಮ್ಮ ಯಜಮಾನರು ಕೊಂಡದ್ದು ಅದು. ಎರಡೇ ಬಾಗಿಲು. ಹಿಂದೆ ಕೂಡಬೇಕೆಂದರೆ ಮುಂದಿನ ಸೀಟು ಮಡಚಿ ನುಸುಳಬೇಕು. ಬಾನೆಟ್ಟು ಎಲ್ಲ ಕಾರುಗಳಂತೆ ಏಳುತ್ತಿರಲಿಲ್ಲ, ಇಡಿಯಾಗಿ ಮುಂದಕ್ಕೆ ಬಾಗಿ, ಕೃಷ್ಣೆಯ ದಂಡೆಯ ಮೊಸಳೆ ಬಾಯಿ ತೆರೆದಂತೆ ತೆರೆದುಕೊಳ್ಳುತ್ತಿತ್ತು. ಮುಂದಿನ ಎರಡೂ ಗಾಲಿಗಳ ಮೇಲೆ ದಪ್ಪ ತಂತಿಯ ಸುರುಳಿ ಸ್ಪ್ರಿಂಗು, ಆ ಸ್ಪ್ರಿಂಗಿನ ಹೊಟ್ಟೆಯೊಳಗೇ ಶಾಕ್ ಅಬ್ಸಾರ್ಬರ್. ಬಿಚ್ಚಿದರೆ ಎರಡೂ ಒಟ್ಟಿಗೇ ಹೊರಬರುತ್ತವೆ. ಇದೆಲ್ಲ ನನಗೆ ಬೇಡವಾದ ವಿದ್ಯೆ. ಆ ಕಾರು ಬಲಕ್ಕೆ ವಾಲಲು ಶುರು ಮಾಡಿದ್ದರಿಂದ ಕಲಿಯಬೇಕಾಯಿತು.

ವಾಲಿದರೆ ಏನಾಯಿತು, ಓಡುತ್ತದಲ್ಲ ಎಂದು ಯಾರಾದರೂ ಕೇಳಬಹುದು. ನಮ್ಮ ಯಜಮಾನರೂ ಹಾಗೆಯೇ ಕೇಳಿದ್ದರು. ಆದರೆ ಆ ಕಾಲದಲ್ಲಿ ಪರವಾನಿಗೆ ಇಲ್ಲದೆ ಅಕ್ಕಿ, ಭತ್ತ ಸಾಗಿಸುವಂತಿರಲಿಲ್ಲ. ಮಾನ್ವಿ ಕಡೆಯ ಕಾಲುವೆ ನೀರಿನ ಅಕ್ಕಿ ಕದ್ದುಮುಚ್ಚಿ ಆಂಧ್ರದ ಗಡಿ ದಾಟುತ್ತದೆ ಎಂದು ರಾಯಚೂರಿನ ಹೊರಗೆ ರಸ್ತೆಗೆ ಬೊಂಬು ಅಡ್ಡ ಹಾಕಿ ಊರೊಳಗೆ ಹೋಗುವ ಪ್ರತಿಯೊಂದು ಗಾಡಿಯನ್ನೂ ನೋಡುತ್ತಿದ್ದರು. ನಾಕಾ ಎಂದರೆ ಅದೇ. ಮಧ್ಯಾಹ್ನದ ಮೇಲೆ ಅಲ್ಲಿ ಒಬ್ಬ ಜಮಾದಾರ ಇರುತ್ತಿದ್ದ. ಬಿಳಿ ಮೀಸೆ, ಕೈಯಲ್ಲಿ ಬೆತ್ತ. ಬಂದವರ ಮುಖಕ್ಕಿಂತ ಗಾಲಿಯ ಕಡೆಗೇ ಅವನ ಕಣ್ಣು ಮೊದಲು ಹೋಗುತ್ತಿತ್ತು.

ನಾನು ಹೇಳಿದ ಭಾನುವಾರಕ್ಕಿಂತ ಎರಡು ವಾರ ಹಿಂದೆ, ಆಸ್ಪತ್ರೆಯ ಕೆಲಸಕ್ಕೆಂದು ನಾವಿಬ್ಬರೂ ರಾಯಚೂರಿಗೆ ಹೊರಟಿದ್ದೆವು. ಜಮಾದಾರ ಕೈ ಅಡ್ಡ ಹಾಕಿದ.

"ಮಾಸ್ತರ್ರ, ಗಾಡಿ ಬಲಕ್ಕ ವಾಲೇದ. ಆ ಮಗ್ಗಲದಾಗ ಏನ್ ತುಂಬೀರಿ?"

ನಮ್ಮ ಯಜಮಾನರು ಹೈಸ್ಕೂಲ್ ಮಾಸ್ತರರು, ದೇಹ ಭಾರಿ, ಮಾತು ಹಗುರ. "ನಾನೇ ಕುಂತೀನಲ್ರೀ" ಎಂದರು.

ಜಮಾದಾರ ನಗಲಿಲ್ಲ. "ಇಳೀರಿ" ಎಂದ.

ಹಿಂದಿನ ಸೀಟು ಹೊರಗೆ ಬಂತು. ಕಾಲಡಿಯ ಚಾಪೆ ಬಂತು. ಡಿಕ್ಕಿಯ ಗಾಲಿ, ಜಾಕು, ನೀರಿನ ಡಬ್ಬಿ ಎಲ್ಲ ಬಂದು ರಸ್ತೆಯ ಮಗ್ಗುಲ ಧೂಳಿನಲ್ಲಿ ಸಾಲಾಗಿ ಕೂತವು. ಅಕ್ಕಿಯ ಒಂದು ಕಾಳೂ ಸಿಗಲಿಲ್ಲ. ನಾನು ತಡೆಯಲಾರದೆ ಹೇಳಿದೆ: "ನಾ ಸರ್ಕಾರಿ ನರ್ಸ್ ಅದೀನಿ. ನಾಳೆ ಇದೇ ಗಾಡಿಯೊಳಗ ಬಸುರಿ ಹೆಣ್ಮಗಳನ್ನ ತರಬೇಕಾಗ್ತದ. ಆಗೂ ಹಿಂಗ ಸೀಟ್ ಕಿತ್ತಿ ಕುಂದ್ರಸ್ತೀರೇನು?"

"ಬಸುರೀ?" ಅವನ ಮೀಸೆ ಒಂದು ಕಡೆ ಏರಿತು. "ಹೋದ ತಿಂಗಳು ಒಬ್ಬಾಕಿ ಬಂದಿದ್ಳು ಬಾಯಾರ. ತುಂಬಿದ ಬಸುರಿ. ಯವ್ವಾ ಯಪ್ಪಾ ಅಂತ ನರಳಾಕತ್ತಿದ್ಳು. ನನಗ ಕರುಳು ಚುರ್ ಅಂತು. ಇಳಿಯೋ ಮುಂದ ಹೊಟ್ಟಿಗಿ ಕಟ್ಟಿದ ಚೀಲ ಹರೀತು ನೋಡ್ರಿ, ಮಸೂರಿ ಅಕ್ಕಿ ಕಾಲಾಗ ಸುರೀತು. ಅವತ್ತಿನಿಂದ ನಾ ಬಸುರೀನೂ ನಂಬಂಗಿಲ್ಲ."

ಸೀಟು ಮತ್ತೆ ಕೂಡಿಸುವ ಹೊತ್ತಿಗೆ ಬಿಸಿಲು ಇಳಿಯತೊಡಗಿತ್ತು. ಧೂಳು ಹಿಡಿದ ಆ ಸೀಟನ್ನು ನೋಡುತ್ತ ನಿಂತಾಗ ನನಗೆ ಶಮೀಮ್ ಅದರ ಮೇಲೆ ಮಲಗಿದಂತೆಯೇ ಕಂಡಿತು. ಗಾಡಿ ಸೀದಾ ಆಗಲೇಬೇಕು ಎಂದು ಅಲ್ಲೇ ತೀರ್ಮಾನ ಮಾಡಿದೆ.

ರಾಯಚೂರಿನಲ್ಲಿ ಹಳೆಯ ಕಾರುಗಳಿಗೆ ಖಾಜಾ ಮೇಸ್ತ್ರಿಯೇ ಗತಿ ಎಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರೂ ಹೊಗಳುವವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಆದರೂ ಅವತ್ತೇ ಸ್ಟೇಶನ್ ಕಡೆಯ ಗುಂಡಿಬಿದ್ದ ಓಣಿಯಲ್ಲಿದ್ದ ಅವನ ತಗಡಿನ ಶೆಡ್ಡಿಗೆ ಹೋದೆವು. ಅವನು ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿ, "ಬಲಗಡೆ ಸ್ಪ್ರಿಂಗ್ ಕುಂತು ಹೋಗ್ಯದ" ಎಂದ. ಯಜಮಾನರ ಮೈ ನೋಡಿ, "ಮಾಸ್ತರ್ರ, ದಿನಾ ಒಬ್ರೇ ಓಡಿಸ್ತೀರಿ. ಎಲ್ಲಾ ಭಾರ ಬಲಕ್ಕೇ. ಪಾಪ, ಸ್ಪ್ರಿಂಗ್ ಗರೀಬ ಏನ್ ಮಾಡ್ಬೇಕು?" ಎಂದ.

ಹೊಸ ಸ್ಪ್ರಿಂಗು ಬರಬೇಕೆಂದರೆ ಹೈದರಾಬಾದಿನಿಂದ, ಅದೂ ಯಾವಾಗಲೋ. ಅಲ್ಲಿಯವರೆಗೆ ಸ್ಪ್ರಿಂಗಿನ ತಲೆಯ ಮೇಲೆ ಕಬ್ಬಿಣದ ಬಳೆಗಳನ್ನು ಕೂಡಿಸಿದರೆ ತಗ್ಗಿದ ಮಗ್ಗಲು ಏಳುತ್ತದೆ ಎಂದ. ಅದಕ್ಕೆ ಅವರ ಮಾತಿನಲ್ಲಿ ಪ್ಯಾಕಿಂಗ್. "ಆದ್ರ ಸೀದಾ ಆತೋ ಇಲ್ಲೋ ನೋಡಬೇಕಂದ್ರ ನೆಲ ಸೀದಾ ಇರಬೇಕು. ಈ ಓಣ್ಯಾಗ ಆಗಂಗಿಲ್ಲ. ನಡೀರಿ ಮಿಲ್ಲಿಗಿ" ಎಂದ.

ಅವನು ಕರೆದುಕೊಂಡು ಹೋದದ್ದು ಒಂದು ರೈಸ್ ಮಿಲ್ಲಿನ ಅಂಗಳಕ್ಕೆ. ಕುದಿಸಿದ ಭತ್ತ ಒಣಗಿಸಲು ಹಾಕಿದ ಗಚ್ಚಿನ ನೆಲ. ಅಷ್ಟು ದೊಡ್ಡದಾದ, ಅಷ್ಟು ನುಣುಪಾದ ನೆಲವನ್ನು ನಾನು ರಾಯಚೂರಿನಲ್ಲಿ ಬೇರೆಲ್ಲೂ ನೋಡಿರಲಿಲ್ಲ. "ಕನ್ನಡಿ ಇದ್ದಂಗ ಅದ ನೋಡ್ರಿ. ನಾ ಹಿಡಿದ ಗಾಡಿ ಎಲ್ಲಾ ಇಲ್ಲೇ ಸೀದಾ ಮಾಡೀನಿ" ಎಂದ ಮೇಸ್ತ್ರಿ. ಅವತ್ತು ಭತ್ತ ಬಳಿದು ರಾಶಿ ಮಾಡಿದ್ದರು. ಅಂಗಳ ಖಾಲಿ ಇತ್ತು.

ಗೌಂಡಿಗಳು ಗೋಡೆ ಕಟ್ಟುವಾಗ ಇಡುವ ರಸಮಟ್ಟವನ್ನು ಅವನು ತಂದಿದ್ದ. ಮರದ ಪಟ್ಟಿ, ನಡುವೆ ಗಾಜಿನ ನಳಿಗೆ, ಅದರೊಳಗೆ ಗಾಳಿಯ ಗುಳ್ಳೆ. ಅದನ್ನು ಮುಂದಿನ ಬಂಪರಿನ ಮೇಲೆ ಅಡ್ಡಲಾಗಿ ಇಟ್ಟ. ಗುಳ್ಳೆ ಎಡಗಡೆಗೆ ಓಡಿ ನಿಂತಿತು. ಎಂದರೆ ಬಲಗಡೆ ತಗ್ಗು. ಅದು ನನಗೂ ತಿಳಿಯಿತು. "ನೀವು ಟೀ ಕುಡದು ಬರ್ರಿ" ಎಂದ. ನಾನು ಟೀ ಕುಡಿಯುವುದಿಲ್ಲ. ಆದರೂ ಯಜಮಾನರು ಎಬ್ಬಿಸಿಕೊಂಡು ಹೋದರು. ವಾಪಸು ಬರುವಷ್ಟರಲ್ಲಿ ಗಾಲಿ ಕೂಡಿಸಿ ಆಗಿತ್ತು, ಬಳೆ ಎರಡು ಹಾಕಿದ್ದೇನೆ ಎಂದ, ಗುಳ್ಳೆ ನಟ್ಟ ನಡುವೆ ನಿಂತಿತ್ತು. ಯಜಮಾನರು ಅವನ ಬೆನ್ನು ತಟ್ಟಿದರು. ನಾನು ಮಾತ್ರ ಅವನ ಚೀಲದ ಕಡೆಗೆ ನೋಡಿದೆ. ನಾವಿಲ್ಲದಾಗ ಬಿಚ್ಚಿದ್ದೇನು, ಹಾಕಿದ್ದೇನು, ಯಾರು ಬಲ್ಲರು?

ದೇವದುರ್ಗ ಮುಟ್ಟಿ ಓಣಿಯಲ್ಲಿ ಇಳಿದವಳೇ ಕಾರಿನ ಮುಂದೆ ಹೋಗಿ ನಿಂತೆ. ಈಗ ಎಡಗಡೆ ತಗ್ಗಿತ್ತು.

"ಏನ್ರೀ, ಇದು ಎಡಕ್ಕ ವಾಲೇದಲ್ರೀ" ಎಂದೆ.

"ಗಾಡಿ ಸೀದಾ ಅದ. ನಮ್ಮ ಓಣಿನ ವಾರೆ ಅದ" ಎಂದು ಯಜಮಾನರು ಒಳಗೆ ಹೋದರು.

ಮುಂದಿನ ಭಾನುವಾರ ಮಧ್ಯಾಹ್ನ ಮೇಸ್ತ್ರಿಯನ್ನು ಕೇಳಿಯೇ ಬಿಡೋಣವೆಂದು ಹೊರಟೆವು. ನಾಕಾದಲ್ಲಿ ಅದೇ ಜಮಾದಾರ. ಕಾರಿನ ಸುತ್ತ ಒಂದು ಸುತ್ತು ಬಂದ. ಮುಖದಲ್ಲಿ ಗೆದ್ದವನ ಕಳೆ.

"ಹೋದ ವಾರ ಬಲಕ್ಕ ಇತ್ತು, ಈ ವಾರ ಎಡಕ್ಕ! ಮಾಲು ಮಗ್ಗಲು ಬದಲ್ಸೇದ ಏನ್ರಿ ಮಾಸ್ತರ್ರ?"

"ರಿಪೇರಿ ಮಾಡ್ಸೀವ್ರೀ..."

"ರಿಪೇರಿ ಮಾಡ್ಸಿದ್ರ ಸೀದಾ ಆಗ್ಬೇಕು. ಇಳೀರಿ."

ಮತ್ತೆ ಸೀಟು, ಮತ್ತೆ ಚಾಪೆ. ಈ ಸಲ ಚಾಪೆ ಜಾಡಿಸಿದಾಗ ಏನೋ ಉದುರಿತು. ಜಮಾದಾರ ಬಾಗಿ, ಉಗುರಿನಿಂದ ಹೆಕ್ಕಿ ಅಂಗೈ ಮೇಲೆ ಇಟ್ಟುಕೊಂಡು ನಮ್ಮ ಮುಂದೆ ಹಿಡಿದ. ಭತ್ತದ ಕಾಳು. ಒಂದಲ್ಲ, ಐದಾರು.

"ಇವೇನು, ಮಲ್ಲಿಗಿ ಮೊಗ್ಗೇನ್ರಿ?"

ಯಜಮಾನರು ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ಐದಾರು ಕಾಳಿಗೆ ಯಾರನ್ನೂ ಹಿಡಿಯುವಂತಿಲ್ಲವೆಂದು ಅವನು ಬೊಂಬು ಎತ್ತಿದ. ಆದರೆ ಬೆತ್ತದಿಂದ ಬಾನೆಟ್ಟು ತಟ್ಟಿ ಹೇಳಿದ: "ಇನ್ನೊಮ್ಮೆ ಈ ಗಾಡಿ ವಾಲಿ ಬಂತಂದ್ರ ಇಲ್ಲಿ ಬಿಚ್ಚಂಗಿಲ್ಲ. ಠಾಣೆಗಿ ಒಯ್ದು ತಳಾ ಬಿಚ್ಚಸ್ತೀನಿ. ಬಸುರಿ ಇರಲಿ, ಬಾಣಂತಿ ಇರಲಿ."

ಅವತ್ತು ಮೇಸ್ತ್ರಿ ಯಾರದೋ ಮದುವೆಗೆ ಹೋಗಿದ್ದ. ಶೆಡ್ಡಿಗೆ ಬೀಗ. ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗಿ ಬಂದೆವು.

ಆ ವಾರ ನಮ್ಮ ಮನೆಯಲ್ಲಿ ಮಾತು ಕಡಿಮೆ. ಯಜಮಾನರು ಪ್ರತಿ ಶನಿವಾರ ಮಾನ್ವಿಗೆ, ಅವರ ಅಕ್ಕನ ಮನೆಗೆ, ಒಬ್ಬರೇ ಕಾರು ತೆಗೆದುಕೊಂಡು ಹೋಗುತ್ತಿದ್ದರು. ಮಾನ್ವಿ ಎಂದರೆ ಭತ್ತ. ಅಲ್ಲಿ ಅವರಿಗೆ ಸ್ನೇಹಿತರೂ ಬಹಳ. ಇಲ್ಲ ಎನ್ನಲು ಬಾರದ ಸ್ವಭಾವ ಅವರದು.

"ಮಾನ್ವಿಯಿಂದ ಏನ್ ತಂದಿದ್ರಿ?" ಎಂದು ಊಟಕ್ಕೆ ಬಡಿಸುವಾಗ ಕೇಳಿದೆ.

"ಅಕ್ಕ ಕೊಟ್ಟ ಉಪ್ಪಿನಕಾಯಿ. ನೀನೇ ತಿನ್ನಾಕತ್ತಿ."

"ಉಪ್ಪಿನಕಾಯಿಗಿ ಭತ್ತದ ಸಿಪ್ಪಿ ಇರಂಗಿಲ್ಲ."

ಅವರು ಕೈ ತೊಳೆದು ಎದ್ದರು. ನಾನು ತಾಟು ಎತ್ತಿ ಒಳಗಿಟ್ಟೆ. ಆದರೆ ಅನುಮಾನ ಸುಮ್ಮನಾಗಲಿಲ್ಲ. ಗಂಡನ ಮೇಲೆ ಒಂದು ಪಾಲು, ಮೇಸ್ತ್ರಿಯ ಮೇಲೆ ಎರಡು ಪಾಲು. ಒಳ್ಳೆಯ ಸ್ಪ್ರಿಂಗು ಕದ್ದು ಯಾವುದೋ ಗುಜರಿಯದನ್ನು ಎಡಕ್ಕೆ ಹಾಕಿದ್ದಾನೆ ಎಂದೇ ನನ್ನ ಲೆಕ್ಕ.

ಇದನ್ನೆಲ್ಲ ಕೇಳಿ ನಕ್ಕವಳು ಶಮೀಮ್ ಒಬ್ಬಳೇ. ಗೋಡೆಗೆ ಒರಗಿ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆಪಾ, ಬಲಕ್ಕ ಇಟ್ರ ಬಲಕ್ಕ ವಾಲ್ತದ, ಎಡಕ್ಕ ಇಟ್ರ ಎಡಕ್ಕ ವಾಲ್ತದ. ಮಾಲು ನಡುವ ಇಡ್ರಿ, ಸೀದಾ ಆಗ್ತದ!" ಹಜರತ್‌ಬೀ ಮಗಳ ಬೆನ್ನಿಗೆ ಮೆಲ್ಲಗೆ ಒಂದು ಕೊಟ್ಟು, "ಚುಪ್ ಗೇ, ಹಸೇ ತೋ ದರ್ದ್ ಆತಾ" ಎಂದಳು. ನಕ್ಕರೆ ನೋವು ಬಂದೀತು ಎಂದು ಆಕೆಯ ಹೆದರಿಕೆ.

ಇನ್ನು ಆ ಭಾನುವಾರ. ಜಮಾದಾರನ ಪಾಳಿ ಶುರುವಾಗುವ ಮುಂಚೆ ನಾಕಾ ದಾಟಬೇಕೆಂದು ಬೆಳಿಗ್ಗೆಯೇ ಹೊರಟೆವು. ಹೊರಡುವ ಮುನ್ನ ಶಮೀಮಳಿಗೆ ಎಡ ಮಗ್ಗುಲಿಗೆ ಮಲಗಲು ಹೇಳಿ, ನೋವು ಕಂಡರೆ ಏನು ಮಾಡಬೇಕೆಂದು ಹಜರತ್‌ಬೀಗೆ ಎರಡು ಸಲ ಹೇಳಿಸಿ ಕೇಳಿಕೊಂಡೆ. ನಾಕಾದಲ್ಲಿ ಬೆಳಗಿನ ಪಾಳಿಯವನು ಹಲ್ಲುಜ್ಜುತ್ತಿದ್ದ. ಕೈಬೀಸಿ ಬಿಟ್ಟ.

ಖಾಜಾ ಮೇಸ್ತ್ರಿ ಇದ್ದ. ಕಾರು ಎಡಕ್ಕೆ ವಾಲಿದೆ ಎಂದು ನಾನು ಹೇಳಿದ ಕೂಡಲೇ ಅವನ ಮುಖ ಬಿಗಿಯಿತು. ಮಿಲ್ಲಿನ ಅಂಗಳಕ್ಕೆ ಹೋದೆವು. ಗೇಟಿನಿಂದ ನುಗ್ಗಿದ ಹಾಗೇ, ಮೊದಲು ನಿಂತ ಜಾಗದಲ್ಲೇ ಕಾರು ನಿಂತಿತು. ರಸಮಟ್ಟ ಬಂಪರಿನ ಮೇಲೆ ಕೂತಿತು. ಗುಳ್ಳೆ ನಟ್ಟ ನಡುವೆ.

"ನೋಡ್ರಿ. ನಿಮ್ಮ ಕಣ್ಣೀಲೆ ನೋಡ್ರಿ. ಸೀದಾ ಅದ."

"ರಸ್ತಾದಾಗ ವಾಲ್ತದ."

"ಹಂಗಾದ್ರ ರಸ್ತಾದಾಗ ನೀವು ಏನರ ಹಾಕ್ತಿರಬೇಕು" ಎಂದು ಅವನು ಯಜಮಾನರ ಕಡೆ ಓರೆಗಣ್ಣಿನಿಂದ ನೋಡಿದ. "ಖರೇ ಹೇಳ್ರಿ ಮಾಸ್ತರ್ರ. ನಾ ಯಾರ ಮುಂದೂ ಹೇಳಂಗಿಲ್ಲ. ಮಾನ್ವಿ ಮಾಲೇನು?"

"ಲೇ ಖಾಜಾ!" ಯಜಮಾನರ ದನಿ ಏರಿತು. ನನಗೆ ಮದುವೆಯಾದಂದಿನಿಂದ ಅವರು ಯಾರಿಗೂ ಲೇ ಅಂದದ್ದು ನೆನಪಿಲ್ಲ. "ಸ್ಪ್ರಿಂಗ್ ಬದಲ್ಸಿದಾಂವ ನೀನು, ನನ್ನ ಕೇಳ್ತೀ?"

"ಅಲ್ಲಾನ ಆಣಿ, ನಾ ಬದಲ್ಸಿಲ್ಲ!"

ಇಬ್ಬರೂ ಕೂಗಾಡುತ್ತಿದ್ದರು. ನಾನು ಇಬ್ಬರನ್ನೂ ನಂಬದೆ ಬಂಪರಿನ ಮೇಲಿನ ಆ ಗುಳ್ಳೆಯನ್ನೇ ನೋಡುತ್ತ ನಿಂತೆ. ಆಗ ಮೇಟ್ರನ್ ನೆನಪಾದರು. ಹೆರಿಗೆ ವಾರ್ಡಿನಲ್ಲಿ ಕೂಸನ್ನು ತೂಗುವ ಮುಂಚೆ ಖಾಲಿ ತಕ್ಕಡಿ ನೋಡಬೇಕು, ಮುಳ್ಳು ಸೊನ್ನೆಗೆ ನಿಂತಿದೆಯೇ ಎಂದು. ನೋಡದೆ ತೂಗಿದವಳನ್ನು ಅವರು ಇಡೀ ವಾರ ತಕ್ಕಡಿ ತೊಳೆಯಲು ಹಾಕುತ್ತಿದ್ದರು. ನಾವು ಇಲ್ಲಿ ಕೂಸನ್ನೇ ಮೂರು ಸಲ ತೂಗಿದ್ದೇವೆ. ತಕ್ಕಡಿಯನ್ನು ಯಾರೂ ನೋಡಿಲ್ಲ.

ಮೊದಲು ರಸಮಟ್ಟವನ್ನೇ ಹಿಂದುಮುಂದು ಮಾಡಿ ಇಟ್ಟೆ. ಗುಳ್ಳೆ ನಡುವೆಯೇ ನಿಂತಿತು. ರಸಮಟ್ಟದಲ್ಲಿ ಮೋಸವಿಲ್ಲ. ಆಮೇಲೆ ಅದನ್ನು ತೆಗೆದು ಕಾರಿನ ಮುಂದೆ, ಗಚ್ಚಿನ ನೆಲದ ಮೇಲೆ ಇಟ್ಟೆ.

ಗುಳ್ಳೆ ಎಡಗಡೆಗೆ ಓಡಿ ಮೂಲೆ ಹಿಡಿಯಿತು.

"ಏ, ಅದನ್ಯಾಕ ನೆಲಕ್ಕ ಇಟ್ರಿ?" ಎಂದು ಮೇಸ್ತ್ರಿ ಓಡಿಬಂದ. ನಾನು ಬೆರಳು ತೋರಿಸಿದೆ. ಅವನು ಬಗ್ಗಿ ನೋಡಿದ. ಎತ್ತಿ ಬೇರೆ ಕಡೆ ಇಟ್ಟ. ಅಲ್ಲೂ ಹಾಗೇ. ಮತ್ತೊಂದು ಕಡೆ ಇಟ್ಟ. ಅಲ್ಲೂ ಹಾಗೇ. ಬಲಗಡೆ ಅಂಗಳದ ಉದ್ದಕ್ಕೂ ಒಂದು ಚರಂಡಿ ಇತ್ತು. ಇಡೀ ನೆಲ ಕಣ್ಣಿಗೆ ಕಾಣದಷ್ಟು ಸಣ್ಣಗೆ ಅದರ ಕಡೆಗೆ ಇಳಿದಿತ್ತು.

ಜಗಳ ಕೇಳಿ ಬಂದ ಮಿಲ್ಲಿನ ಕಾವಲುಗಾರ ನಮ್ಮ ಮೂವರ ಮುಖ ನೋಡಿ ಬೆರಗಾದ. "ಇಳಿಜಾರ ಇರಲೇಬೇಕಲ್ರೀ? ಕುದಿಸಿದ ಭತ್ತ ಸುರಿದ್ರ ನೀರು ಬಸೀಬೇಕು, ಮಳಿ ಬಂದ್ರ ಹರೀಬೇಕು. ಸೀದಾ ಇದ್ರ ಭತ್ತ ಕೊಳತು ನಾರ್ತದ. ಯಾವ ಮಿಲ್ಲಿನಾಗ ಸೀದಾ ಇರ್ತದ ಅಂಗಳ?"

ಖಾಜಾ ಮೇಸ್ತ್ರಿ ನೆಲದ ಮೇಲೆ ಕೂತುಬಿಟ್ಟ. ಅಂಗೈಯಿಂದ ಗಚ್ಚು ಸವರಿ ನೋಡಿದ. ಆಮೇಲೆ ಮೆಲ್ಲಗೆ, "ಹಂಗಾದ್ರ ನಾ ಇಷ್ಟು ವರ್ಷ ಸೀದಾ ಮಾಡಿದ ಗಾಡಿ ಎಲ್ಲಾ..." ಎಂದ.

"ಎಡಕ್ಕ ವಾಲ್ಯಾವ" ಎಂದು ಯಜಮಾನರು ಮುಗಿಸಿದರು. "ಅದಕ್ಕ ನಾಕಾದಾಂವ ಯಾವ ಗಾಡೀನೂ ನಂಬವಲ್ಲ!"

"ಬಾಯಾರ, ಈ ಮಾತು ಇಲ್ಲೇ ಇರಲಿ" ಎಂದ ಮೇಸ್ತ್ರಿ. ಅವನ ಅಂಗಡಿ ಮುಚ್ಚಿ ಈಗ ಎಷ್ಟೋ ಕಾಲವಾಯಿತು. ಆದ್ದರಿಂದ ಬರೆಯುತ್ತಿದ್ದೇನೆ.

ಕಾರು ನಿಜವಾಗಿ ಬಲಕ್ಕೆ ವಾಲಿದ್ದು ಸ್ವಲ್ಪ. ನೆಲದ ಇಳಿಜಾರೂ ಬಲಕ್ಕೇ ಇದ್ದದ್ದರಿಂದ ಅದು ಹೆಚ್ಚಾಗಿ ಕಂಡಿತ್ತು. ಒಂದು ಬಳೆ ಸಾಕಾಗಿದ್ದಲ್ಲಿ ಎರಡು ಬಿದ್ದಿದ್ದವು. ಮೇಸ್ತ್ರಿ ತಲೆ ಕೆರೆದುಕೊಂಡು, "ಗಾಡಿ ಹಿಂಗ ಅಡ್ಡ ನಿಲ್ಲಸೋದಲ್ಲ. ನೀರು ಹರಿಯೋ ದಾರಿಗಿ ಮುಖ ಮಾಡಿ ನಿಲ್ಲಿಸಿದ್ರ ಎರಡೂ ಗಾಲಿ ಸಮಾ ಬರ್ತಾವ" ಎಂದ. ರಸಮಟ್ಟ ನೆಲಕ್ಕಿಟ್ಟು, ಗುಳ್ಳೆ ನಡುವೆ ನಿಲ್ಲುವ ದಿಕ್ಕು ಹುಡುಕಿ, ಕಾರನ್ನು ಚರಂಡಿಗೆ ಮುಖ ಮಾಡಿ ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟೆವು. ಈಗ ಬಂಪರಿನ ಮೇಲೆ ಇಟ್ಟರೆ ಎಡಗಡೆ ತಗ್ಗು ಸ್ಪಷ್ಟವಾಗಿ ಕಂಡಿತು.

"ಟೀ ಕುಡದು ಬರ್ರಿ" ಎಂದ ಮೇಸ್ತ್ರಿ, ಅಭ್ಯಾಸಬಲದಿಂದ.

"ನಾ ಇಲ್ಲೇ ನಿಲ್ತೀನಿ" ಎಂದೆ.

ಜಾಕು ಏರಿತು, ಬಲಗಡೆಯ ಗಾಲಿ ಬಿಚ್ಚಿತು, ಸ್ಪ್ರಿಂಗು ಶಾಕ್ ಅಬ್ಸಾರ್ಬರಿನ ಸಮೇತ ಹೊರಬಂತು. ಎರಡು ಉದ್ದ ಬೋಲ್ಟುಗಳ ಕೊಕ್ಕೆ ಹಾಕಿ ಅವನು ಸ್ಪ್ರಿಂಗನ್ನು ಅಷ್ಟಷ್ಟೇ ಬಿಗಿದು ಕುಗ್ಗಿಸಿದ. "ದೂರ ಸರೀರಿ ಬಾಯಾರ, ಕೊಕ್ಕಿ ಜಾರಿದ್ರ ಎದಿ ಒಡದು ಹೋಗ್ತದ" ಎಂದ. ಎರಡು ಹೆಜ್ಜೆ ಸರಿದೆ, ಕಣ್ಣು ಸರಿಸಲಿಲ್ಲ. ಸ್ಪ್ರಿಂಗಿನ ತಲೆಯಿಂದ ಒಂದು ಬಳೆ ತೆಗೆದ. ಮತ್ತೆ ಕೂಡಿಸಿ ಜಾಕು ಇಳಿಸಿದ. ಕೂಡಲೇ ನೋಡಬಾರದು, ಸ್ಪ್ರಿಂಗು ಕೂಡ್ರಬೇಕು ಎಂದು ಬಾನೆಟ್ಟನ್ನು ಎರಡೂ ಕೈಯಿಂದ ಒತ್ತಿ ಕುಣಿಸಿದ, ಕಾರನ್ನು ಹಿಂದೆ ಮುಂದೆ ತಳ್ಳಿಸಿದ. ಯಜಮಾನರನ್ನು ಅವರ ಜಾಗದಲ್ಲಿ ಕೂಡಿಸಿದ. ಆಮೇಲೆ ರಸಮಟ್ಟ ಇಟ್ಟ. ಗುಳ್ಳೆ ನಡುವೆ ನಿಂತಿತು. ನಾನು ಪಟ್ಟಿಯನ್ನು ತಿರುಗಿಸಿ ಇಟ್ಟೆ. ಆಗಲೂ ನಿಂತಿತು.

ಹತ್ತಲೆಂದು ಕಾಲೆತ್ತಿದಾಗ ನನ್ನ ಚಪ್ಪಲಿಯ ತಳದಲ್ಲಿ ಏನೋ ಚುಚ್ಚಿತು. ತೆಗೆದು ನೋಡಿದೆ. ಭತ್ತದ ಕಾಳು. ಯಜಮಾನರ ಚಪ್ಪಲಿ ಎತ್ತಿಸಿದೆ. ಅಲ್ಲೂ ಭತ್ತ. ನಾಕಾದಲ್ಲಿ ಚಾಪೆಯಿಂದ ಉದುರಿದ್ದು ಈ ಅಂಗಳದ್ದೇ.

"ಮಾನ್ವಿ ಉಪ್ಪಿನಕಾಯಿ" ಎಂದರು ಯಜಮಾನರು, ನನ್ನ ಮುಖ ನೋಡದೆ.

ಮಿಲ್ಲಿನವರಿಂದ ಪೊರಕೆ ಇಸಿದುಕೊಂಡು ಚಾಪೆ, ಸೀಟಿನ ಸಂದು, ಡಿಕ್ಕಿ ಎಲ್ಲ ಗುಡಿಸಿದೆ. ಇಬ್ಬರ ಚಪ್ಪಲಿಯನ್ನೂ ಕಲ್ಲಿಗೆ ಬಡಿದು ಒಳಗಿಟ್ಟೆ.

ಮಧ್ಯಾಹ್ನ ದೇವದುರ್ಗ ಮುಟ್ಟುವಾಗ ಓಣಿಯ ಬಾಯಿಯಲ್ಲೇ ಹಜರತ್‌ಬೀ ನಿಂತಿದ್ದಳು. ತಲೆಯ ಮೇಲೆ ಸೆರಗಿರಲಿಲ್ಲ. ಆಕೆಯನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ. ಕೇಳುವ ಅಗತ್ಯವೇ ಬೀಳಲಿಲ್ಲ.

ಶಮೀಮಳನ್ನು ಹಿಂದಿನ ಸೀಟಿನಲ್ಲಿ ಎಡ ಮಗ್ಗುಲಿಗೆ ಮಲಗಿಸಿದೆ. ಯಜಮಾನರ ಭಾರ ಬಲಕ್ಕಿದೆಯಲ್ಲ, ಹಜರತ್‌ಬೀಯನ್ನು ಮುಂದೆ ಎಡಕ್ಕೆ ಕೂಡಿಸಿದೆ. ಆಕೆಯೂ ತೂಕದ ಹೆಂಗಸೇ. ಕೂಡಿಸಿ, ಒಮ್ಮೆ ಕಾರಿನ ಮುಂದೆ ಹೋಗಿ ನೋಡಿ ಬಂದೆ. "ಆಕಿ ಅಲ್ಲಿ ಒದ್ದಾಡಾಕತ್ತಾಳ, ನೀ ಗಾಡಿ ನೋಡ್ತೀಯಲ್ಲ" ಎಂದು ಯಜಮಾನರು ಗದರಿದರು. ಠಾಣೆಗೆ ಒಯ್ಯುತ್ತೇನೆ ಎಂದ ಜಮಾದಾರನ ಮಾತು ನಾನು ಮರೆತಿರಲಿಲ್ಲ. ಹಜರತ್‌ಬೀಯನ್ನು ಎಬ್ಬಿಸಿ, ಹಿಂದೆ ನುಸುಳಿ, ಶಮೀಮಳ ಕಾಲ ಬಳಿ ಮುದುಡಿ ಕೂತೆ.

ದಾರಿಯುದ್ದಕ್ಕೂ ಶಮೀಮ್ ಸೀಟಿನ ಅಂಚು ಹಿಡಿದು ಹಲ್ಲು ಕಚ್ಚಿದ್ದಳು. ನೋವುಗಳ ನಡುವಿನ ಬಿಡುವು ಕಡಿಮೆಯಾಗುತ್ತ ಬಂತು. ನಾಕಾದ ಬೊಂಬು ಕಾಣಿಸಿತು. ಬೊಂಬಿನ ಹಿಂದೆ ಬಿಳಿ ಮೀಸೆ.

ಅವನು ಕೈ ಅಡ್ಡ ಹಾಕಿ, ಎಂದಿನಂತೆ ಗಾಲಿಗಳ ಕಡೆಗೆ ನೋಡಿದ. ಬಲಗಡೆ ಗಾಲಿಯ ಮೇಲೆ ಬೆತ್ತ ನಿಲ್ಲಿಸಿ ಹೆಬ್ಬೆರಳಿನಿಂದ ಗುರುತು ಹಿಡಿದ. ಅದೇ ಬೆರಳಿಟ್ಟುಕೊಂಡು ಎಡಗಡೆಗೆ ಬಂದು ಬೆತ್ತ ನಿಲ್ಲಿಸಿದ. ಗುರುತು ಕೂಡಿತು. ನಂಬದೆ ಮತ್ತೆ ಬಲಕ್ಕೆ ಹೋದ. ನನ್ನ ಕೈಯೊಳಗಿನ ಶಮೀಮಳ ಕೈ ಕಲ್ಲಾಗುತ್ತಿತ್ತು.

"ಗಾಡಿ ಸೀದಾ ಅದ" ಎಂದ ಜಮಾದಾರ. ಅದೂ ಅವನಿಗೆ ಅನುಮಾನವೇ. "ಎರಡು ವಾರ ವಾಲಿ ಬಂದದ್ದು ಇವತ್ತ ಹೆಂಗ ಸೀದಾ ಆತು? ಏನ್ ಮಾಡೀರಿ?" ಬಗ್ಗಿ ಚಾಪೆ ನೋಡಿದ. ಒಂದು ಕಾಳಿಲ್ಲ. ಒಳಗೆ ಕಣ್ಣಾಡಿಸಿದಾಗ ಶಮೀಮಳ ಹೊಟ್ಟೆ ಕಂಡಿತು. ಅವನ ಕಣ್ಣು ಸಣ್ಣಗಾಯಿತು. "ಇಕಿ ಯಾರು? ಬಸುರಿ ಅಂತೀರೇನು?"

ನಾನು ಬಾಯಿ ತೆರೆಯುವಷ್ಟರಲ್ಲಿ, ಗಂಡಸರ ಎದುರು ತಲೆ ಎತ್ತದ ಆ ಹುಡುಗಿ ಮೊಣಕೈ ಊರಿ ಎದ್ದು ಕೂಗಿದಳು:

"ಹೌದು ಚಾಚಾ, ಮಾಲು ಈ ಸಲ ನಡುವ ಅದ! ಅದಕ್ಕ ಗಾಡಿ ಸೀದಾ ಅದ! ಬೇಕಂದ್ರ ಇಲ್ಲೇ ಇಳಸ್ತೀನಿ, ನೀ ಕೈ ಒಡ್ಡಿ ಹಿಡಿ! ಇಲ್ಲಂದ್ರ ಬೊಂಬು ಎತ್ತು!"

ಕೊನೆಯ ಮಾತು ನೋವಿನಲ್ಲಿ ಸೀಳಿ ಹೋಯಿತು. ಜಮಾದಾರ ಎರಡು ಹೆಜ್ಜೆ ಹಿಂದೆ ಹಾರಿದ. ಬೆತ್ತ ಕೆಳಗೆ ಬಿತ್ತು. ತಾನೇ ಓಡಿ ಬೊಂಬು ಎತ್ತಿ, "ಹೋಗ್ರಿ ತಾಯಿ, ಹೋಗ್ರಿ, ಲಗೂನ ಹೋಗ್ರಿ!" ಎಂದು ಕೂಗಿದ. ತಿರುಗಿ ನೋಡಿದೆ. ಬೊಂಬಿನ ತುದಿ ಹಿಡಿದುಕೊಂಡೇ ಅವನು ನಮ್ಮ ಕಾರಿನ ಹಿಂಭಾಗವನ್ನು ನೋಡುತ್ತಿದ್ದ. ಸೀದಾ ಹೋಗುತ್ತಿದೆಯೋ ಇಲ್ಲವೋ ಎಂದೇ ಇರಬೇಕು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಶಮೀಮಳನ್ನು ನೇರ ಆಪರೇಶನ್ ಕೋಣೆಗೆ ತೆಗೆದುಕೊಂಡರು. ಹೊರಗೆ ಬಂದಾಗ, "ತಾಯಿ, ಕೂಸು ಇಬ್ಬರೂ ಕ್ಷೇಮ. ಸ್ವಲ್ಪ ತಡವಾಗಿದ್ದರೂ ಕಷ್ಟವಿತ್ತು" ಎಂದಷ್ಟೇ ಹೇಳಿದರು. ಹಜರತ್‌ಬೀ ಗೋಡೆಗೆ ಹಣೆ ಹಚ್ಚಿ ನಿಂತಳು. ಯಜಮಾನರು ಕಾರಿನ ಹತ್ತಿರ ಹೋಗಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ಅದರ ಬಲಗಡೆಯ ಮೂಲೆಯನ್ನು ತಟ್ಟಿದ್ದನ್ನು ನಾನು ಕಿಟಕಿಯಿಂದ ಕಂಡೆ.

ಇಂದಿಗೂ ಯಾರಾದರೂ "ನೆಲ ಕನ್ನಡಿಯಂತಿದೆ" ಎಂದರೆ ನನ್ನ ಕಣ್ಣು ತಾನಾಗಿ ಚರಂಡಿ ಎಲ್ಲಿದೆ ಎಂದು ಹುಡುಕುತ್ತದೆ. ಅನುಮಾನ ಪಡುವುದು ಕೆಟ್ಟ ಗುಣ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅವತ್ತು ನಾವೆಲ್ಲ ಒಬ್ಬರ ಮೇಲೊಬ್ಬರು ಅನುಮಾನಪಟ್ಟೆವು. ನೆಲದ ಮೇಲೆ ಮಾತ್ರ ಯಾರೂ ಪಡಲಿಲ್ಲ.

ಅವತ್ತಿನ ಕೊನೆಯ ಕೆಲಸ ಒಂದು ಉಳಿದಿತ್ತು. ವಾರ್ಡಿನ ಸಿಸ್ಟರ್ ನನ್ನ ಹಳೆಯ ಪರಿಚಯದವರು, ಕೈ ತುಂಬ ಕೆಲಸವಿದ್ದುದರಿಂದ ಕೂಸನ್ನು ತೂಗಿ ಕೊಡಲು ನನಗೆ ಹೇಳಿದರು. ಕೈ ತೊಳೆದುಕೊಂಡು ಹೋಗಿ ಮೊದಲು ಖಾಲಿ ತಕ್ಕಡಿ ನೋಡಿದೆ. ಮುಳ್ಳು ಸೊನ್ನೆಯಿಂದ ಕೂದಲೆಳೆಯಷ್ಟು ಆಚೆ ನಿಂತಿತ್ತು. ಮೇಜಿನ ಕಾಲೊಂದು ಕುಣಿಯುತ್ತಿತ್ತು. ರಟ್ಟಿನ ಚೂರೊಂದನ್ನು ಮಡಚಿ ಅದರ ಕೆಳಗೆ ಪ್ಯಾಕಿಂಗ್ ಕೊಟ್ಟೆ. ಮುಳ್ಳು ಸೊನ್ನೆಗೆ ಬಂತು. ಬಟ್ಟೆ ಹಾಸಿ ಕೂಸನ್ನು ಇಟ್ಟೆ. ಹೆಣ್ಣು ಕೂಸು, ಸರಿಯಾದ ತೂಕ. ಅಡ್ಡ ಮಲಗಿದ್ದವಳು ಈಗ ತಕ್ಕಡಿಯ ನಟ್ಟ ನಡುವೆ, ಸೀದಾ ಮಲಗಿದ್ದಳು. ತೂಕ ಬರೆದು, ಕೂಸನ್ನು ಸುತ್ತಿ, ಹಜರತ್‌ಬೀಯ ಕೈಗೆ ಕೊಟ್ಟೆ.